ಬೆಳಗಿನ ಬೆನ್ನಿಗೆ ಬಗ್ಗುವ ಆತುರ ಬೇಡ

“ಯೋಗ ಶುರು ಮಾಡಿದ ಮೇಲೆಯೇ ಬೆನ್ನು ಜಾಸ್ತಿ ಹಿಡಿಯುತ್ತಿದೆ ಮೇಡಂ.” ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಬಂದಿದ್ದ ಆ ಅಮ್ಮ ಕುರ್ಚಿಯಲ್ಲಿ ಕೂರಲಿಲ್ಲ, ಗೋಡೆಗೆ ಕೈಕೊಟ್ಟು ನಿಂತೇ ಹೇಳಿದರು. ದಿನಚರಿ ಕೇಳಿದೆ. ಐದಕ್ಕೆ ಎದ್ದು ಮುಖ ತೊಳೆದ ಕೂಡಲೇ ನಿಂತು ಮುಂದೆ ಬಾಗಿ ಪಾದ ಮುಟ್ಟುವ ಪಾದಹಸ್ತಾಸನ, ಅದರ ಬೆನ್ನಿಗೇ ಕಾಲು ಚಾಚಿ ಕೂತು ಮುಂದೆ ಬಾಗುವ ಪಶ್ಚಿಮೋತ್ತಾನಾಸನ. ಮುಗಿದರೆ ನೇರ ಕೊಟ್ಟಿಗೆಗೆ. ಬಗ್ಗಿ ಸಗಣಿ ಬಾಚಿ, ಬುಟ್ಟಿ ಎತ್ತುವುದು. ಅಡಿಕೆ ಕೊಯ್ಲಿನ ಕಾಲ ಬೇರೆ. ಹಿಂದಿನ ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿಯ ಮುಂದೆ ಕೂತು ಸುಲಿದಿದ್ದರು.

ಅವರು ಮಾಡುತ್ತಿದ್ದ ಆಸನಗಳ ಬಗ್ಗೆ ನನಗೆ ತಕರಾರಿರಲಿಲ್ಲ. ಮಾಡುತ್ತಿದ್ದ ಹೊತ್ತಿನ ಬಗ್ಗೆ ಇತ್ತು.

ಬೆನ್ನುಮೂಳೆಯ ಮಣಿಗಳ ನಡುವೆ ಮೆತ್ತೆಗಳಂತೆ ಡಿಸ್ಕುಗಳಿವೆ. ಹಗಲಿಡೀ ಮೈಭಾರಕ್ಕೆ ಅವು ಸ್ವಲ್ಪ ಸ್ವಲ್ಪವೇ ನೀರು ಬಿಟ್ಟುಕೊಡುತ್ತವೆ. ರಾತ್ರಿ ಮಲಗಿದಾಗ ಭಾರ ಇಳಿದು, ನೆನೆಹಾಕಿದ ಉದ್ದಿನಂತೆ ನೀರು ಹೀರಿ ಉಬ್ಬುತ್ತವೆ. ಅದಕ್ಕೇ ಬೆಳಿಗ್ಗೆ ಎದ್ದಾಗ ನಮ್ಮ ಎತ್ತರ ರಾತ್ರಿಗಿಂತ ಒಂದೆರಡು ಸೆಂಟಿಮೀಟರ್ ಹೆಚ್ಚಿರುತ್ತದೆ. ಬಿಗಿದು ತುಂಬಿದ ಆ ಡಿಸ್ಕುಗಳನ್ನು ಎದ್ದ ತಕ್ಷಣ ಮುಂದಕ್ಕೆ ಬಗ್ಗಿಸಿದರೆ ಅವುಗಳ ಮೇಲೂ, ಮೂಳೆಗಳನ್ನು ಬಿಗಿದಿಡುವ ಸುತ್ತಲ ಅಸ್ಥಿರಜ್ಜುಗಳ ಮೇಲೂ ಸಂಜೆಗಿಂತ ಬಹಳ ಹೆಚ್ಚು ಒತ್ತಡ ಬೀಳುತ್ತದೆ. ಎದ್ದು ಓಡಾಡಿದ ಮೊದಲ ಒಂದು ಗಂಟೆಯಲ್ಲೇ ಈ ಬಿಗಿ ಬಹುಪಾಲು ಇಳಿಯುತ್ತದೆ. ಬೆಳಗಿನ ಹೊತ್ತು ಮುಂದೆ ಬಾಗುವುದನ್ನು ಬಿಟ್ಟವರ ಹಳೆಯ ಸೊಂಟನೋವು ಕಡಿಮೆಯಾದದ್ದನ್ನು 1998ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತ್ತು. ಔಷಧಿಯಿಲ್ಲದ, ಖರ್ಚಿಲ್ಲದ ಉಪಾಯವಾದ್ದರಿಂದಲೋ ಏನೋ, ಇದನ್ನು ಹೇಳಿದರೆ ಜನ ಅಷ್ಟಾಗಿ ನಂಬುವುದಿಲ್ಲ.

ಹಾಗಾದರೆ ಬೆಳಿಗ್ಗೆ ಏನು ಮಾಡಬೇಕು? ಹಾಸಿಗೆಯಲ್ಲೇ ಅಂಗಾತ ಮಲಗಿ ಮಂಡಿ ಮಡಚಿ, ಎರಡೂ ಮಂಡಿಗಳನ್ನು ಜೋಡಿಸಿ ಎಡಕ್ಕೆ ಬಲಕ್ಕೆ ತುಸುವೇ ವಾಲಿಸಿ. ಏಳುವಾಗ ಒಮ್ಮೆಲೇ ಎದ್ದು ಕೂರಬೇಡಿ. ಮಗ್ಗುಲಾಗಿ, ಕಾಲು ಕೆಳಗಿಳಿಸಿ, ಕೈಯೂರಿ ಏಳಿ. ಅಂಗಳದಲ್ಲಿ ಹತ್ತು ನಿಮಿಷ ಓಡಾಡಿ. ಮಳೆ ಹೊಯ್ಯುತ್ತಿದ್ದರೆ ಜಗಲಿಯಾದರೂ ಆದೀತು.

ಆಮೇಲೆ ಕಂಬಳಿ ಹಾಸಿ, ಬೆಕ್ಕಿನಂತೆ ಕೈ-ಮಂಡಿಯೂರಿ ಮಾಡುವ ಮಾರ್ಜಾಲಾಸನ. ಇದನ್ನು ಕೆಡಿಸುವುದು ಅವಸರ. ಕೈ ಹೆಗಲ ಕೆಳಗೆ, ಮಂಡಿ ಸೊಂಟದ ಕೆಳಗೆ ಇರಲಿ. ಉಸಿರು ಬಿಡುತ್ತಾ ಬೆನ್ನನ್ನು ಮೇಲಕ್ಕೆ ಗೂನು ಮಾಡಿ, ತೆಗೆದುಕೊಳ್ಳುತ್ತಾ ಕೆಳಗೆ ಬಿಡಿ. ಸಾಧ್ಯವಿರುವುದರ ಅರ್ಧದಷ್ಟೇ ಬಾಗಿಸಿ. ಕೊನೆಯವರೆಗೆ ಹೋಗಿ ಒತ್ತುವುದು ಬೇಡ; ಕೀಲಿಗೆ ಎಣ್ಣೆ ಬಿಟ್ಟು ಆಡಿಸುವಷ್ಟೇ ನಮ್ಮ ಉದ್ದೇಶ. ಏಳೆಂಟು ಸಲ ಸಾಕು. ಬಳಿಕ ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತುವ ಸೇತುಬಂಧಾಸನ ಐದು ಸಲ. ಬೋರಲು ಮಲಗಿ ಎದೆ ಎತ್ತುವ ಭುಜಂಗಾಸನವನ್ನು ಮೊಣಕೈ ನೆಲಕ್ಕೂರಿಯೇ ಮಾಡಿ. ವಯಸ್ಸಾದವರಲ್ಲಿ ಕೆಲವರಿಗೆ ನರದ ದಾರಿ ಕಿರಿದಾಗಿ, ಹಿಂದಕ್ಕೆ ಬಾಗಿದರೆ ಕಾಲು ಸೆಳೆಯುತ್ತದೆ; ಅವರಿಗೆ ಭುಜಂಗಾಸನ ಬೇಡ.

ಎಲ್ಲ ಬಿಗಿತವೂ ಆಸನಕ್ಕೆ ಬಗ್ಗುವುದಿಲ್ಲ. ನಲವತ್ತರೊಳಗಿನವರಿಗೆ ತಿಂಗಳುಗಟ್ಟಲೆ ಬೆಳಿಗ್ಗೆ ಅರ್ಧ ಗಂಟೆಗೂ ಮೀರಿ ಬೆನ್ನು ಹಿಡಿದಿದ್ದು, ಮಲಗಿದಷ್ಟೂ ಹೆಚ್ಚಾಗಿ ಓಡಾಡಿದರೆ ಸಡಿಲವಾಗುತ್ತಿದ್ದರೆ ಉರಿಯೂತದ ಸಂಧಿವಾತ ಇದ್ದೀತು, ವೈದ್ಯರಿಗೆ ತೋರಿಸಿ. ಕಾಲಿನ ಬಲ ಕುಂದಿದರೆ, ತೊಡೆಸಂದಿಯ ಸುತ್ತ ಜೋಮು ಹಿಡಿದರೆ, ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಆ ಅಮ್ಮ ತಿಂಗಳ ನಂತರ ಮತ್ತೆ ಬಂದಾಗ ಕುರ್ಚಿಯಲ್ಲಿ ಕೂತರು. ಈಗ ಮೊದಲು ದನಗಳಿಗೆ ಹುಲ್ಲು ಹಾಕಿ, ತೋಟದವರೆಗೆ ಹೋಗಿ ಬಂದು, ಕಾಫಿ ಕುಡಿದ ಮೇಲಷ್ಟೇ ಕೊಟ್ಟಿಗೆ ತೊಳೆಯುತ್ತಾರಂತೆ. ಸಗಣಿ ಬಾಚಲು ಮಗ ಉದ್ದ ಹಿಡಿಯ ಸಲಿಕೆ ತಂದುಕೊಟ್ಟಿದ್ದಾನೆ. “ಪಶ್ಚಿಮೋತ್ತಾನಾಸನ ಯಾವಾಗಿನಿಂದ ಮಾಡಲಿ ಮೇಡಂ?” ಎಂದು ಕೇಳಿದರು. ಅಡಿಕೆ ಸುಲಿದು ಮುಗಿಯಲಿ, ಆಮೇಲೆ ಸಂಜೆಯ ಹೊತ್ತು ನೋಡೋಣ ಎಂದೆ.