ಉತ್ಪಾದನಾ ಸಾಧನ: ಸಮಾಜವಾದ, ಬಂಡವಾಳವಾದದ ಜಗಳ ಯಾವುದರ ಮೇಲೆ?

ಪಡಿತರ ಅಕ್ಕಿ ಕೊಟ್ಟರೆ ಸಮಾಜವಾದ, ಮಾಲ್ ಕಟ್ಟಿದರೆ ಬಂಡವಾಳವಾದ. ನಮ್ಮಲ್ಲಿ ವಾದ ಇಲ್ಲಿಂದ ಶುರುವಾಗಿ ಇಲ್ಲೇ ಸುತ್ತುತ್ತದೆ. ಕಾರವಾರದ ಚಹಾ ಅಂಗಡಿ ಇರಲಿ, ಶಿರಸಿಯ ಕಾಲೇಜಿನ ಚರ್ಚಾಸ್ಪರ್ಧೆ ಇರಲಿ, ಒಬ್ಬರು ರಷ್ಯಾದ ಕ್ಷಾಮ ತೆಗೆಯುತ್ತಾರೆ, ಇನ್ನೊಬ್ಬರು ಕೋಟ್ಯಧಿಪತಿಗಳ ಪಟ್ಟಿ ತೆಗೆಯುತ್ತಾರೆ. ಕೊನೆಗೆ ಚಹಾ ಆರುತ್ತದೆ ಅಷ್ಟೇ. ಅಕ್ಕಿ ಹಂಚುವ ಕೆಲಸವನ್ನು ಪಕ್ಕಾ ಬಂಡವಾಳಶಾಹಿ ದೇಶವೂ ಮಾಡಬಹುದು. ಸ್ವೀಡನ್ ಜಾಸ್ತಿ ತೆರಿಗೆ ಹಾಕಿ ಆಸ್ಪತ್ರೆ, ಶಾಲೆ ನಡೆಸುತ್ತದೆ, ಆದರೆ ಅಲ್ಲಿನ ಹೆಚ್ಚಿನ ಕಾರ್ಖಾನೆಗಳು ಖಾಸಗಿಯವರ ಕೈಯಲ್ಲೇ ಇವೆ. ಎರಡು ವಾದಗಳು ಬೇರೆಯಾಗುವುದು ಹಂಚುವ ಜಾಗಕ್ಕಿಂತ ಬಹಳ ಹಿಂದೆ, ಹುಟ್ಟಿಸುವ ಜಾಗದಲ್ಲಿ. ಅದನ್ನು ಹಿಡಿಯಲು ಇರುವ ಪದವೇ ಉತ್ಪಾದನಾ ಸಾಧನ.

ಏನನ್ನಾದರೂ ಬೆಳೆಯಲು, ಹಿಡಿಯಲು, ತಯಾರಿಸಲು, ಸಾಗಿಸಲು ಮನುಷ್ಯನ ದುಡಿಮೆಯ ಜೊತೆ ಏನೇನು ಬೇಕೋ ಅದೆಲ್ಲ ಉತ್ಪಾದನಾ ಸಾಧನ. ಕತ್ತಿ, ಬಲೆ, ದೋಣಿ, ಯಂತ್ರ, ಲಾರಿ ಒಂದು ಕಡೆ. ಅವು ಯಾವುದರ ಮೇಲೆ ಕೆಲಸ ಮಾಡುತ್ತವೋ ಆ ಭೂಮಿ, ಅದಿರು, ಮರ, ಹಸಿ ಅಡಿಕೆ ಇನ್ನೊಂದು ಕಡೆ. ದುಡಿಯುವ ಕೈ ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ. ಇವು ದುಡಿಯದವರ ಖಾಸಗಿ ಸ್ವತ್ತಾಗಿದ್ದು, ದುಡಿಯುವವರು ಕೂಲಿಗೆ ಬಂದರೆ ಅದು ಬಂಡವಾಳವಾದ. ಇವು ದುಡಿಯುವವರದ್ದೋ ಇಡೀ ಸಮಾಜದ್ದೋ ಆಗಬೇಕು ಎನ್ನುವುದು ಸಮಾಜವಾದ. ಮುಂದಿನ ಜಗಳವೆಲ್ಲ ಈ ‘ಸಮಾಜದ್ದು’ ಅಂದರೆ ಯಾರದ್ದು ಎಂಬುದರ ಮೇಲೆ.

ಒಂದು ವಸ್ತು ಸಾಧನ ಹೌದೋ ಅಲ್ಲವೋ ಎನ್ನುವುದನ್ನು ಅದರ ಬಳಕೆ ಹೇಳುತ್ತದೆ. ಗೋಕರ್ಣದಲ್ಲಿ ನೀವು ವಾಸವಿರುವ ಮನೆ ಸ್ವಂತ ಬಳಕೆಯ ಸ್ವತ್ತು. ಅದೇ ಮನೆಗೆ ಹೋಂಸ್ಟೇ ಬೋರ್ಡು ಹಾಕಿ, ಅಡುಗೆಗೂ ಕಸಕ್ಕೂ ಇಬ್ಬರನ್ನು ಸಂಬಳಕ್ಕೆ ಇಟ್ಟರೆ ಅದು ಸಾಧನವಾಯಿತು. ಮಾರ್ಕ್ಸ್ ಮತ್ತು ಏಂಗೆಲ್ಸ್ ತಮ್ಮ ಗುರಿ ಎರಡನೆಯದು ಮಾತ್ರ ಎಂದು 1848ರ ಕಮ್ಯುನಿಸ್ಟ್ ಪ್ರಣಾಳಿಕೆಯಲ್ಲೇ ಬರೆದಿದ್ದರು. ಹಾಗಾಗಿ ‘ಸಮಾಜವಾದ ಬಂದರೆ ಕೊಟ್ಟಿಗೆಯ ಆಕಳನ್ನೂ ಒಯ್ಯುತ್ತಾರೆ’ ಎಂಬ ಹೆದರಿಕೆಗೆ ಪುಸ್ತಕದಲ್ಲಿ ಆಧಾರವಿಲ್ಲ. ಚರಿತ್ರೆಯಲ್ಲಿ ಇದೆ. ಸ್ಟಾಲಿನ್ ಕಾಲದಲ್ಲಿ, 1929ರ ಕೊನೆಯಿಂದ, ಸೋವಿಯತ್ ಹಳ್ಳಿಗಳಲ್ಲಿ ಭೂಮಿಯ ಜೊತೆ ದನಗಳನ್ನೂ ಸಾಮೂಹಿಕ ಕೃಷಿಗೆ ಎಳೆದರು. ರೈತರು ಒಪ್ಪಿಸುವ ಬದಲು ಲಕ್ಷಗಟ್ಟಲೆ ದನಗಳನ್ನು ಕಡಿದು ಹಾಕಿದರು. 1932–33ರ ಭೀಕರ ಕ್ಷಾಮ ಇದರ ಬೆನ್ನಿಗೇ ಬಂತು. 1935ರ ಹೊಸ ನಿಯಮದಲ್ಲಿ ಮನೆಗೊಂದು ಆಕಳು, ಒಂದು ಸಣ್ಣ ಹಿತ್ತಲು ಇಟ್ಟುಕೊಳ್ಳಲು ಸರ್ಕಾರವೇ ಒಪ್ಪಬೇಕಾಯಿತು. ಸಾಧನದ ಗೆರೆಯನ್ನು ಎಲ್ಲಿ ಎಳೆಯುತ್ತೀರಿ ಎನ್ನುವುದು ಸುಮ್ನೆ ಪಂಡಿತರ ಚರ್ಚೆ ಅಲ್ಲ. ಅದು ತಪ್ಪಿದರೆ ಜನ ಸಾಯುತ್ತಾರೆ.

ನಮ್ಮ ಉತ್ತರ ಕನ್ನಡದ ಕರಾವಳಿಯಲ್ಲೇ ಇದನ್ನು ನೋಡಬೇಕೆಂದರೆ ರಂಪಣಿ ಬಲೆಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. ದಡದಿಂದ ಎಳೆಯುವ ಬಲೆ ಅದು, ಒಂದು ಕಿಲೋಮೀಟರಿನಷ್ಟು ಉದ್ದವೂ ಇರುತ್ತಿತ್ತು. ದೋಣಿಯಲ್ಲಿ ಹೋಗಿ ಬಂಗಡೆಯ ಹಿಂಡನ್ನು ಸುತ್ತುವರಿದು, ಎರಡೂ ತುದಿಗಳನ್ನು ಮರಳಿನ ಮೇಲೆ ನಿಂತು ಎಳೆಯಬೇಕು. ಹತ್ತಾರು ಜನ ಕೈ ಹಾಕದೆ ಬಲೆ ಅಲುಗುವುದೂ ಇಲ್ಲ. ಹಲವು ಮನೆಯವರು ಸೇರಿ ಬಲೆ ಹೊಂದಿರುತ್ತಿದ್ದರು, ಹಿಡಿದದ್ದನ್ನು ಪಾಲು ಮಾಡಿಕೊಳ್ಳುತ್ತಿದ್ದರು. ಬಲೆಗೊಂದು ಪಾಲು, ದೋಣಿಗೊಂದು ಪಾಲು, ಎಳೆದ ಕೈಗೊಂದು ಪಾಲು. ಇದನ್ನು ಸ್ವರ್ಗ ಎಂದು ಹಾಡುವವರೂ ಇದ್ದಾರೆ, ನಾನು ಅಷ್ಟು ದೂರ ಹೋಗಲಾರೆ. ಸಾಹುಕಾರರ ದುಡ್ಡಿನ ಬಲೆಗಳೂ ಇದ್ದವು, ಮೀನು ಬಾರದ ವರ್ಷ ಸಾಲವೂ ಇತ್ತು. ಆದರೂ ಸಾಧನ ಮತ್ತು ದುಡಿಮೆ ಒಂದೇ ಗುಂಪಿನ ಕೈಯಲ್ಲಿತ್ತು ಎಂಬುದು ದೊಡ್ಡ ವಿಷಯ.

1970ರ ದಶಕದಲ್ಲಿ ಪರ್ಸಿನ್ ಬೋಟು ಬಂತು. ಹಿಂಡು ದಡಕ್ಕೆ ಬರುವವರೆಗೆ ಅದು ಕಾಯುವುದಿಲ್ಲ, ಕಡಲೊಳಗೇ ಹೋಗಿ ಸುತ್ತುತ್ತದೆ. ಬೋಟು, ಎಂಜಿನ್, ಬಲೆ, ಡೀಸೆಲ್ ಎಲ್ಲಕ್ಕೂ ದೊಡ್ಡ ಮೊತ್ತ ಬೇಕು. ಅದು ಇದ್ದವರು, ಅಥವಾ ಬ್ಯಾಂಕಿನಲ್ಲಿ ಸಾಲ ಹುಟ್ಟಿಸಬಲ್ಲವರು ಮಾಲೀಕರಾದರು. ರಂಪಣಿ ಎಳೆಯುತ್ತಿದ್ದ ಎಷ್ಟೋ ಜನ ಅವರ ಬೋಟಿನಲ್ಲಿ ಕೆಲಸದ ಆಳುಗಳು, ಅಂದರೆ ಖಲಾಸಿಗಳಾದರು. ಪಾಲಿನ ಪದ್ಧತಿ ಪೂರ್ತಿ ಹೋಗಲಿಲ್ಲ, ಇವತ್ತಿಗೂ ಹಿಡಿದ ಮೀನಿನ ದುಡ್ಡಿನಲ್ಲಿ ಖರ್ಚು ಕಳೆದು ಬೋಟು ನಡೆಸುವ ತಂಡೇಲನಿಗೆ, ಖಲಾಸಿಗೆ ಪಾಲು ಸಿಗುತ್ತದೆ. ಆದರೆ ಬೋಟು ಯಾವಾಗ ಹೊರಡಬೇಕು, ಯಾವಾಗ ಮಾರಬೇಕು ಎನ್ನುವುದು ಈಗ ಮಾಲೀಕನ ಮಾತು. ಒಡೆತನ ಎನ್ನುವುದರಲ್ಲಿ ಮೂರು ಎಳೆ ಇವೆ: ತೀರ್ಮಾನ ಯಾರದ್ದು, ಖರ್ಚು ಕಳೆದು ಉಳಿದದ್ದು ಯಾರಿಗೆ, ನಷ್ಟ ಯಾರ ತಲೆಗೆ. ರಂಪಣಿಯಲ್ಲಿ ಮೂರೂ ಗುಂಪಿನದ್ದು. ಪರ್ಸಿನ್‌ನಲ್ಲಿ ಮೊದಲನೆಯದು ಪೂರ್ತಿ ಮಾಲೀಕನದ್ದು, ಉಳಿದ ಎರಡು ಬಹುಮಟ್ಟಿಗೆ ಅವನದ್ದು.

ಬಂಡವಾಳವಾದದ ಪರ ನಿಲ್ಲುವವರು ಇಲ್ಲಿ ಒಂದು ಪ್ರಶ್ನೆ ಕೇಳುತ್ತಾರೆ, ಅದು ನ್ಯಾಯವಾದದ್ದೇ. ಲಕ್ಷಾಂತರ ರೂಪಾಯಿ ಸಾಲ ಮಾಡಿ ಅಷ್ಟು ಅಪಾಯ ಹೊತ್ತವನಿಗೆ ಲಾಭ ಬೇಡವೇ? ಅವನು ಆ ಸಾಹಸ ಮಾಡದಿದ್ದರೆ ಬೈತಖೋಲ್ ಬಂದರಿಗೆ ಅಷ್ಟು ಮೀನು ಬರುತ್ತಿತ್ತೇ? ಬರುತ್ತಿರಲಿಲ್ಲ. ಆದರೆ ಆ ಅಪಾಯದಲ್ಲಿ ಸರ್ಕಾರದ ಪಾಲೂ ಇತ್ತು. ಯಾಂತ್ರೀಕರಣಕ್ಕೆ ಸಾಲ, ಸಹಾಯಧನ ಸಿಕ್ಕಿತು, ಡೀಸೆಲ್‌ಗೆ ರಿಯಾಯಿತಿ ಈಗಲೂ ಇದೆ. ಇನ್ನು ಕಡಲು ಯಾರ ಹೆಸರಿನಲ್ಲೂ ಇಲ್ಲ. ನಾನು ಬಿಟ್ಟ ಮೀನನ್ನು ಪಕ್ಕದ ಬೋಟಿನವನು ಹಿಡಿಯುತ್ತಾನೆ ಎಂದಾದಾಗ ಬಿಡುವವರು ಯಾರು? ಮತ್ಸ್ಯಕ್ಷಾಮದ ಸುದ್ದಿ ಬರುವ ವರ್ಷಗಳಲ್ಲಿ ಬೋಟು ಮಾಲೀಕರೇ ನಿಯಂತ್ರಣ ಕೇಳುತ್ತಾರೆ. ಜೂನ್, ಜುಲೈನ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬೆಳಕು ಹಾಕಿ ಮೀನು ಹಿಡಿಯುವುದಕ್ಕೆ 2017ರಲ್ಲಿ ಕೇಂದ್ರ ಹೇರಿದ ನಿಷೇಧ, ಇವೆಲ್ಲ ಮಾರುಕಟ್ಟೆ ತಾನಾಗಿ ಕಂಡುಕೊಂಡ ನಿಯಮಗಳಲ್ಲ.

ಭೂಮಿಯ ಕತೆ ಇನ್ನೂ ಗೋಜಲು. ಗೇಣಿ ಒಡೆಯನಿಗೆ, ಬೆವರು ಗೇಣಿದಾರನದ್ದು ಎಂಬ ವ್ಯವಸ್ಥೆ ನಮ್ಮಲ್ಲಿ ಬಹಳ ಕಾಲ ನಡೆಯಿತು. ಅದರಲ್ಲೂ ಚಾಲಗೇಣಿಯವನನ್ನು ಒಡೆಯ ಮನಸ್ಸು ಬಂದಾಗ ಬಿಡಿಸಬಹುದಿತ್ತು. ಅಂಕೋಲೆಯ ಕಡೆಯ ದಿನಕರ ದೇಸಾಯಿಯವರು ಗೇಣಿದಾರರನ್ನು ಸಂಘಟಿಸಿದರು, ಬ್ರಿಟಿಷ್ ಸರ್ಕಾರ ಅವರನ್ನು ಜಿಲ್ಲೆಯಿಂದ ಗಡಿಪಾರು ಮಾಡಿತು. ಚುಟುಕದ ದಿನಕರ ಎಂದು ಎಲ್ಲರಿಗೂ ಗೊತ್ತು, ಈ ಹೋರಾಟದ ನೆನಪು ಕಡಿಮೆ. ಸಿದ್ದಾಪುರದ ಗಡಿ ದಾಟಿದರೆ ಸಿಗುವ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತರು. ಸಮಾಜವಾದಿ ಪಕ್ಷ ಬೆನ್ನಿಗೆ ನಿಂತಿತು, ಅದರ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಕೊನೆಗೆ ದೇವರಾಜ ಅರಸು ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಭೂಮಿಯೆಲ್ಲ ಅವತ್ತು ಸರ್ಕಾರಕ್ಕೆ ಸೇರಿತು. ತಾನು ಗೇಣಿದಾರ ಎಂದು ಡಿಕ್ಲರೇಷನ್ ಹಾಕಿ, ಭೂನ್ಯಾಯ ಮಂಡಳಿಯಲ್ಲಿ ಗೆದ್ದವರು ಒಡೆಯರಾದರು.

ಇದು ಸಮಾಜವಾದವೋ? ಕಟ್ಟಾ ಮಾರ್ಕ್ಸ್‌ವಾದಿ ತಲೆ ಆಡಿಸುವುದಿಲ್ಲ. ಯಾಕೆಂದರೆ ಖಾಸಗಿ ಒಡೆತನ ಹೋಗಲಿಲ್ಲ, ಕೈ ಬದಲಾಯಿತು, ಚೂರುಚೂರಾಗಿ ಹರಡಿತು. ಲೋಹಿಯಾವಾದಿಗೆ ಇದೇ ಸಮಾಜವಾದ, ಉಳುವವನ ಕೈಗೆ ಸಾಧನ ಬಂತಲ್ಲ! ನನಗೆ ಎರಡನೆಯವರ ಮಾತೇ ಹತ್ತಿರ. ಒಂದು ಕೊರತೆಯನ್ನು ಮಾತ್ರ ಮುಚ್ಚಿಡಬಾರದು. ಗೇಣಿ ಚೀಟಿಯೂ ಇಲ್ಲದೆ ಬರೀ ಕೂಲಿಗೆ ಹೋಗುತ್ತಿದ್ದವರಿಗೆ ಈ ಕಾಯ್ದೆಯ ಈ ಬಾಗಿಲು ತೆರೆಯಲೇ ಇಲ್ಲ. 2020ರಲ್ಲಿ ಅದೇ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದು, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು ಎಂದಾಯಿತು. ಭೂಮಿ ಮತ್ತೆ ದುಡ್ಡಿದ್ದವರ ಕಡೆ ಸರಿಯುವ ದಾರಿ ಇದು ಎಂದು ಒಂದು ಗುಂಪು, ರೈತನಿಗೆ ಒಳ್ಳೆ ಬೆಲೆ ಸಿಗುವ ದಾರಿ ಎಂದು ಇನ್ನೊಂದು ಗುಂಪು.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಮಾರುಕಟ್ಟೆ ಬೇರೆ, ಬಂಡವಾಳವಾದ ಬೇರೆ. ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ ನೋಡಿ. 1923ರಲ್ಲಿ ಹುಟ್ಟಿದ್ದು, ಬೆಳೆಗಾರರೇ ಸದಸ್ಯರು. ಬೆಳೆಗಾರ ತಂದ ರಾಶಿ, ಚಾಲಿ, ಬೆಟ್ಟೆ ಅಡಿಕೆಯನ್ನು ಅಲ್ಲಿ ಲಾಟು ಮಾಡಿ ಇಡುತ್ತಾರೆ. ವ್ಯಾಪಾರಿಗಳು ಮುಟ್ಟಿ ನೋಡಿ, ತಮ್ಮ ದರವನ್ನು ಟೆಂಡರ್‌ನಲ್ಲಿ ಬರೆಯುತ್ತಾರೆ. ಜಾಸ್ತಿ ಬರೆದವರಿಗೆ ಮಾಲು. ಇದು ಪಕ್ಕಾ ಮಾರುಕಟ್ಟೆ, ಪೈಪೋಟಿ ಜೋರಾಗಿಯೇ ಇರುತ್ತದೆ. ಆದರೆ ಮಾರಾಟದ ಅಂಗಳವೇ ಸದಸ್ಯರದ್ದು. ಸಹಕಾರಿ ತತ್ವದಲ್ಲಿ ಹತ್ತು ಎಕರೆ ತೋಟದವನಿಗೂ ಹತ್ತು ಗುಂಟೆಯವನಿಗೂ ಒಂದೇ ಮತ, ಕಂಪನಿಯಲ್ಲಾದರೆ ಷೇರಿಗೊಂದು ಮತ. ಹಾಗಂತ ಇದನ್ನು ಸಮಾಜವಾದ ಎಂದುಬಿಟ್ಟರೆ ಕೊನೆಗೌಡ ನಗುತ್ತಾನೆ. ಮರ ಹತ್ತಿ ಕೊನೆ ಇಳಿಸುವವನು, ಮಳೆಗಾಲದಲ್ಲಿ ಮದ್ದು ಹೊಡೆಯುವವನು ಅವನು. ಸಂಘದ ಮತ ತೋಟ ಇದ್ದವರಿಗೆ, ಅವನಿಗಿಲ್ಲ.

ಟೆಂಡರ್‌ನ ಆ ಚೀಟಿಯ ಸುತ್ತಲೇ ಇಪ್ಪತ್ತನೆಯ ಶತಮಾನದ ದೊಡ್ಡ ಅರ್ಥಶಾಸ್ತ್ರದ ಜಗಳವೊಂದು ನಡೆಯಿತು ಎನ್ನಬಹುದು. ಎಲ್ಲ ಸಾಧನಗಳೂ ಸರ್ಕಾರದ್ದಾದರೆ ಅವುಗಳ ಕೊಳ್ಳುವಿಕೆ, ಮಾರಾಟ ನಿಲ್ಲುತ್ತದೆ. ನಿಜವಾದ ಬೆಲೆ ಇರುವುದಿಲ್ಲ. ಬೆಲೆ ಇಲ್ಲದೆ ಯಾವುದನ್ನು ಎಲ್ಲಿ ಬಳಸಿದರೆ ಲಾಭ ಎಂಬ ಲೆಕ್ಕ ಹಾಕುವುದು ಹೇಗೆ? 1920ರಲ್ಲಿ ಆಸ್ಟ್ರಿಯಾದ ಅರ್ಥಶಾಸ್ತ್ರಜ್ಞ ಲುಡ್ವಿಗ್ ಫಾನ್ ಮೀಸೆಸ್ ಕೇಳಿದ ಪ್ರಶ್ನೆ ಇದು. ಪೋಲೆಂಡಿನ ಆಸ್ಕರ್ ಲಾಂಗೆ 1930ರ ದಶಕದಲ್ಲಿ ಉತ್ತರ ಕೊಟ್ಟರು: ಯೋಜನಾ ಮಂಡಳಿಯೇ ಒಂದು ಬೆಲೆ ಇಡಲಿ, ಮಾಲು ಉಳಿದರೆ ಇಳಿಸಲಿ, ಸಾಲದಿದ್ದರೆ ಏರಿಸಲಿ. 1945ರಲ್ಲಿ ಆಸ್ಟ್ರಿಯಾ ಮೂಲದ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಹಯೆಕ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಯಾರಿಗೆ ಏನು ಗೊತ್ತು ಎಂಬುದು ಲಕ್ಷಾಂತರ ತಲೆಗಳಲ್ಲಿ ಚೂರುಚೂರಾಗಿ ಹಂಚಿಹೋಗಿದೆ, ಅದನ್ನು ಒಂದು ಕಚೇರಿಯಲ್ಲಿ ಕೂಡಿಡಲು ಆಗುವುದಿಲ್ಲ, ಬೆಲೆಯೇ ಅದನ್ನು ಹೊತ್ತು ತಿರುಗುತ್ತದೆ ಎಂದರು. ಈ ವಿಷಯದಲ್ಲಿ ಹಯೆಕ್ ಗೆದ್ದರು ಎಂದೇ ನನ್ನ ಎಣಿಕೆ. ಈ ವರ್ಷ ಅಡಿಕೆಗೆ ಕೊಳೆರೋಗ ಎಷ್ಟು, ಉತ್ತರದ ಊರುಗಳಲ್ಲಿ ಬೇಡಿಕೆ ಎಷ್ಟು ಎಂಬುದೆಲ್ಲ ವ್ಯಾಪಾರಿ ಬರೆಯುವ ಆ ಒಂದು ಅಂಕಿಯೊಳಗೆ ಇರುತ್ತದೆ. ಆದರೆ ಅವರು ಗೆದ್ದದ್ದು ಬೆಲೆಯ ಪರವಾಗಿ. ಸಾಧನ ಕೆಲವರ ಕೈಯಲ್ಲೇ ಇರಬೇಕು ಎಂದು ಅದರಿಂದ ಸಾಬೀತಾಗುವುದಿಲ್ಲ. (ಅಂದಹಾಗೆ, ಮುಕ್ತ ಮಾರುಕಟ್ಟೆಯನ್ನು ಹೊಗಳುವ ನಮ್ಮ ತೋಟಿಗರೇ ವಿದೇಶಿ ಅಡಿಕೆ ಬಂತೆಂದರೆ ದಿಲ್ಲಿಯತ್ತ ನೋಡುತ್ತಾರೆ. 2023ರಲ್ಲಿ ಕನಿಷ್ಠ ಆಮದು ಬೆಲೆ ಕಿಲೋಗೆ 251ರಿಂದ 351 ರೂಪಾಯಿಗೆ ಏರಿತು. ಯಾರೂ ಅದನ್ನು ಸಮಾಜವಾದ ಎಂದು ಬೈಯಲಿಲ್ಲ.)

ಹಾಗೆಯೇ ಸರ್ಕಾರದ ಒಡೆತನ ಎಂದ ಮಾತ್ರಕ್ಕೆ ಅದು ಸಮಾಜದ ಒಡೆತನ ಆಗಿಬಿಡುವುದಿಲ್ಲ. ಕಾಳಿ ನದಿಯ ಅಣೆಕಟ್ಟುಗಳು, ಕೈಗಾ ಅಣುಸ್ಥಾವರ ಎಲ್ಲವೂ ಕಾಗದದ ಮೇಲೆ ನಮ್ಮೆಲ್ಲರ ಸ್ವತ್ತು. ಹಳೆಯ ಸೂಪಾ ಊರೇ ನೀರೊಳಗೆ ಹೋಯಿತು. ಆ ಊರಿನವರಿಗೆ ಉಳಿದದ್ದರಲ್ಲಿ ಪಾಲೂ ಇರಲಿಲ್ಲ, ತೀರ್ಮಾನದಲ್ಲಿ ಮಾತೂ ಇರಲಿಲ್ಲ. ನಷ್ಟ ಮಾತ್ರ ಅವರದ್ದಾಯಿತು.

ಬಸ್ಸಿಗೆ ಬರೋಣ. ಅದೂ ಒಂದು ಸಾಧನವೇ ಅಲ್ವಾ? ನಮ್ಮ ಜಿಲ್ಲೆಯಲ್ಲಿ ಓಡುವುದು ಬಹುತೇಕ ಸರ್ಕಾರದ ವಾಯವ್ಯ ಸಾರಿಗೆ ಸಂಸ್ಥೆಯ ಬಸ್ಸು. ಭಟ್ಕಳ ದಾಟಿ ಉಡುಪಿ ಜಿಲ್ಲೆಯ ಶಿರೂರಿಗೆ ಹೋದರೆ ಸಾಕು, ಖಾಸಗಿ ಬಸ್ಸುಗಳ ರಾಜ್ಯ ಶುರು. ಅಲ್ಲಿ ಬಸ್ಸು ತಪ್ಪಿತೆಂದು ಚಿಂತೆ ಕಮ್ಮಿ, ಹಿಂದೆಯೇ ಇನ್ನೊಂದು ಬರುತ್ತದೆ. ಹಾರ್ನು, ಓವರ್‌ಟೇಕು, ಟೈಮಿಂಗಿನ ಜಗಳವೂ ಜೊತೆಗೇ ಬರುತ್ತದೆ. ಇತ್ತ ಘಟ್ಟದ ಮೇಲಿನ ಹಳ್ಳಿಗೆ ದಿನಕ್ಕೆ ಎರಡೇ ಸಲ ಬರುವ ಸರ್ಕಾರಿ ಬಸ್ಸು ಲಾಭ ನೋಡಿದ್ದರೆ ಬರುತ್ತಲೇ ಇರಲಿಲ್ಲ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ ಮಾತ್ರ. ಹಾಗಾಗಿ ಉಚಿತ ಪ್ರಯಾಣ ಹೊನ್ನಾವರದ ಹೆಂಗಸಿಗೆ ಸಿಕ್ಕಷ್ಟು ಸುಲಭವಾಗಿ ಉಡುಪಿಯ ಹೆಂಗಸಿಗೆ ಸಿಗಲಿಲ್ಲ.

ಬಸ್ಸಿನ ಮೇಲಿನ ಈ ವಾದ ಸುಪ್ರೀಂ ಕೋರ್ಟನ್ನೂ ಮುಟ್ಟಿದೆ, ಅದೂ ಕರ್ನಾಟಕದಿಂದಲೇ. ಖಾಸಗಿ ಕಾಂಟ್ರ್ಯಾಕ್ಟ್ ಬಸ್ಸುಗಳನ್ನು ವಶಪಡಿಸಿಕೊಳ್ಳಲು ನಮ್ಮ ಸರ್ಕಾರ 1976ರಲ್ಲಿ ಕಾಯ್ದೆ ಮಾಡಿತು. ‘ಸಮಾಜ’ದ ಸಂಪತ್ತನ್ನು ಎಲ್ಲರ ಒಳಿತಿಗಾಗಿ ಹಂಚಬೇಕು ಎನ್ನುವ ಸಂವಿಧಾನದ 39(ಬಿ) ವಿಧಿ ಚರ್ಚೆಗೆ ಬಂತು. ನ್ಯಾಯಾಲಯ ಕಾಯ್ದೆಯನ್ನು ಎತ್ತಿಹಿಡಿಯಿತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ತಮ್ಮ ಪ್ರತ್ಯೇಕ ತೀರ್ಪಿನಲ್ಲಿ ಖಾಸಗಿ ಸ್ವತ್ತೂ ಸಮಾಜದ ಸಂಪತ್ತಿನೊಳಗೆ ಬರುತ್ತದೆ ಎಂದರು. ಮುಂದೆ ಬಹಳ ವರ್ಷ ಈ ಮಾತಿಗೆ ತೂಕ ಇತ್ತು. 2024ರ ನವೆಂಬರ್ 5ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠದ ಬಹುಮತ ಅದನ್ನು ಒಪ್ಪಲಿಲ್ಲ. ಎಲ್ಲ ಖಾಸಗಿ ಸ್ವತ್ತೂ ಸಮಾಜದ ಸಂಪತ್ತಲ್ಲ, ಕೆಲವು ಆಗಬಹುದು. ಆ ಸಂಪನ್ಮೂಲ ಎಂಥದ್ದು, ಎಷ್ಟು ವಿರಳ, ಸಮಾಜಕ್ಕೆ ಎಷ್ಟು ಬೇಕಾದದ್ದು, ಕೆಲವೇ ಕೈಗಳಲ್ಲಿ ಸೇರಿಕೊಂಡರೆ ಏನಾಗುತ್ತದೆ ಎಂಬುದನ್ನು ಒಂದೊಂದಾಗಿ ನೋಡಿ ಹೇಳಬೇಕು ಎಂದಿತು.