ತೇರೂ ನಮ್ಮನ್ನು ಎಳೆಯುತ್ತದೆ, ಮತ್ತೆ ಮುಂದೆ ಹೋಗುವುದು ಹೇಗೆ?

ಕೊಪ್ಪಳದ ಗವಿಮಠದ ಜಾತ್ರೆ ಮುಗಿದ ವಾರ. ಎಂಟನೆಯ ತರಗತಿಗೆ ನ್ಯೂಟನ್‌ನ ಮೂರನೇ ನಿಯಮ ಹೇಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ: "ಸರ್, ನಾವು ತೇರು ಎಳದಷ್ಟ ಬಲದಿಂದ ತೇರೂ ನಮ್ಮನ್ನ ಹಿಂದಕ ಎಳಿತೈತಿ ಅಂದ್ರ, ಅದು ಮುಂದ ಹೆಂಗ ಹೊಕ್ಕೈತ್ರಿ?" ತರಗತಿ ಗೊಳ್ಳೆಂದಿತು. ನನಗೆ ನಗು ಬರಲಿಲ್ಲ. 'ಕ್ರಿಯೆಗೆ ಸಮನಾದ ವಿರುದ್ಧ ಪ್ರತಿಕ್ರಿಯೆ' ಎಂದು ಉರು ಹೊಡೆದವರಿಗೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ.

ಬಲ ಯಾರ ಮೇಲೆ ಬೀಳುತ್ತಿದೆ ಎಂದು ಕೇಳಿಕೊಳ್ಳಬೇಕು. ನಾವು ಎಳೆಯುವ ಬಲ ತೇರಿನ ಮೇಲೆ, ತೇರು ಎಳೆಯುವ ಬಲ ನಮ್ಮ ಮೇಲೆ. ಇಬ್ಬರ ಖಾತೆಯೂ ಬೇರೆ. ಒಬ್ಬರ ಜಮೆಯಲ್ಲಿ ಇನ್ನೊಬ್ಬರ ಖರ್ಚು ಕಳೆಯಲು ಬರುವುದಿಲ್ಲ. ತೇರಿನ ಖಾತೆಯಲ್ಲಿ ಮುಂದಕ್ಕೆ ಹಗ್ಗದ ಸೆಳೆತ, ಹಿಂದಕ್ಕೆ ಗಾಲಿಯ ಘರ್ಷಣೆ. ಸೆಳೆತ ಹೆಚ್ಚಾಯಿತೋ, ತೇರು ಕದಲಿತು. ನಮ್ಮ ಖಾತೆಯಲ್ಲಿ ಹಿಂದಕ್ಕೆ ಹಗ್ಗ, ಮುಂದಕ್ಕೆ ನೆಲ. ಹೌದು, ನೆಲವೇ. ಕಾಲೂರಿ ನೆಲವನ್ನು ಹಿಂದಕ್ಕೆ ಒತ್ತಿದಾಗ ಅದು ನಮ್ಮನ್ನು ಮುಂದಕ್ಕೆ ತಳ್ಳುತ್ತದೆ.

ಹುಡುಗರು ನಂಬಲಿಲ್ಲ. ಮರುದಿನ ಮನೆಯಿಂದ ಎರಡು ಹಿಡಿ ಸಜ್ಜೆ ತಂದು ನುಣುಪು ನೆಲದ ಮೇಲೆ ಹರಡಿ, ಮೇಲೊಂದು ಹಲಗೆ ಇಟ್ಟೆ. ತರಗತಿಯ ಗಟ್ಟಿಗನನ್ನು ಅದರ ಮೇಲೆ ನಿಲ್ಲಿಸಿ, ಬೀಳದಂತೆ ಅಕ್ಕಪಕ್ಕ ಇಬ್ಬರನ್ನು ಕಾವಲಿಟ್ಟು, ಬೆಂಚಿಗೆ ಕಟ್ಟಿದ ಹಗ್ಗ ಎಳೆಯೋ ಎಂದೆ. ಬೆಂಚು ಅಲುಗಲಿಲ್ಲ, ಅವನೇ ಹಲಗೆ ಸಮೇತ ಬೆಂಚಿನ ಕಡೆ ಜಾರಿ ಬಂದ. ಬರಿಗಾಲಲ್ಲಿ ನೆಲಕ್ಕಿಳಿದು ಎಳೆದಾಗ ಅದೇ ಬೆಂಚು ಕರ್ರೆಂದು ಸರಿಯಿತು. (ಸಜ್ಜೆ ಗುಡಿಸುವವರು ಯಾರು ಎಂದು ಹೆಡ್‌ ಮೇಡಂ ಕೇಳಿದರು. ನಾನೇ ಗುಡಿಸಿದೆ.) ಆನೆಗೊಂದಿಯಲ್ಲಿ ಹರಿಗೋಲಿನಿಂದ ದಂಡೆಗೆ ಜಿಗಿದವರಿಗೂ ಇದರ ಅನುಭವವಿದೆ: ನಾವು ಮುಂದೆ, ಹರಿಗೋಲು ಹಿಂದೆ, ಅಂಬಿಗನ ಬೈಗುಳ ನಡುವೆ.

ನ್ಯೂಟನ್ ಮೂರೂ ನಿಯಮಗಳನ್ನು ಪ್ರಕಟಿಸಿದ್ದು 1687ರಲ್ಲಿ. ಹೊರಗಿನ ಬಲ ಬೀಳದಿದ್ದರೆ ನಿಂತದ್ದು ನಿಂತೇ ಇರುತ್ತದೆ, ಚಲಿಸುವುದು ಅದೇ ವೇಗದಲ್ಲಿ ನೇರವಾಗಿ ಚಲಿಸುತ್ತಲೇ ಇರುತ್ತದೆ ಎಂಬ ಮೊದಲನೆಯದು ಸುಲಭ ಎಂದು ನಾವು ಮೇಷ್ಟ್ರುಗಳು ಓಡಿಸಿಬಿಡುತ್ತೇವೆ. ನನ್ನ ಮಟ್ಟಿಗೆ ಅದೇ ಕಠಿಣ. ಎಳೆಯುವುದನ್ನು ಬಿಟ್ಟರೆ ತೇರು ನಿಲ್ಲುತ್ತದೆ, ಅಂದಮೇಲೆ ಚಲಿಸುತ್ತಲೇ ಇರಲು ಬಲ ಬೇಕು ಎನ್ನುತ್ತಾರೆ ಮಕ್ಕಳು. ಅರಿಸ್ಟಾಟಲ್ ಕೂಡ ಹಾಗೆಯೇ ತಿಳಿದಿದ್ದ. ಗೆಲಿಲಿಯೋ ಕಂಡದ್ದೇ ಬೇರೆ: ನಿಲ್ಲಿಸುವುದಕ್ಕೂ ಬಲ ಬೇಕು, ಇಲ್ಲಿ ಆ ಕೆಲಸ ಘರ್ಷಣೆಯದು. ಘರ್ಷಣೆಯೊಂದೇ ಸಾಲದು ಎಂದೇ ಗಾಲಿಗೆ ಮರದ ತುಂಡು ಕೊಡುವವರು ಜೀವ ಕೈಯಲ್ಲಿ ಹಿಡಿದು ಪಕ್ಕದಲ್ಲಿ ಹೆಜ್ಜೆ ಹಾಕುತ್ತಿರುತ್ತಾರೆ.

ಬಲ ಹೆಚ್ಚಿದಷ್ಟೂ ವೇಗ ಬೇಗ ಏರುತ್ತದೆ, ರಾಶಿ (ವಸ್ತುವಿನಲ್ಲಿರುವ ದ್ರವ್ಯದ ಪ್ರಮಾಣ) ಹೆಚ್ಚಿದಷ್ಟೂ ನಿಧಾನ ಎಂಬ ಎರಡನೆಯದನ್ನು ಗಂಗಾವತಿಯ ಅಕ್ಕಿ ಗಿರಣಿಯ ಹಮಾಲರು ದಿನವೂ ಅನುಭವಿಸುತ್ತಾರೆ. ಮೂಟೆಗಳೂ ಸೇರಿ ತಳ್ಳುಗಾಡಿಯ ರಾಶಿ 100 ಕೆ.ಜಿ. ಇರಲಿ. ಘರ್ಷಣೆ ಕಳೆದು ಉಳಿದ ಬಲ 50 ನ್ಯೂಟನ್ (ಬಲದ ಅಳತೆಗೂ ಅವನದೇ ಹೆಸರು) ಆದರೆ ಅದರ ವೇಗ ಪ್ರತಿ ಸೆಕೆಂಡಿಗೆ, ಸೆಕೆಂಡಿಗೆ 0.5 ಮೀಟರ್‌ನಷ್ಟು ಏರುತ್ತದೆ. ರಾಶಿ 200 ಕೆ.ಜಿ. ಆದರೆ ಏರಿಕೆ ಅರ್ಧಕ್ಕಿಳಿಯುತ್ತದೆ. ಇದಿಷ್ಟೇ, ಆದರೆ ಲೆಕ್ಕ ಕೊಡುವಾಗ 'ಘರ್ಷಣೆ ಕಳೆದು' ಎಂಬ ಮಾತನ್ನು ದಯವಿಟ್ಟು ಬಿಡಬೇಡಿ.

ಈಗ ಕಿರುಪರೀಕ್ಷೆಯಲ್ಲಿ ವ್ಯಾಖ್ಯೆ ಕೇಳುವುದನ್ನು ಬಿಟ್ಟಿದ್ದೇನೆ. ತೇರನ್ನು ಮಾತ್ರ ಬರೆದು ಅದರ ಮೇಲಿನ ಬಲಗಳಿಗೆ ಬಾಣ ಹಾಕಿ ಎನ್ನುತ್ತೇನೆ. ಎಳೆಯುವವರ ಕಾಲಿನ ಬಾಣವನ್ನು ತೇರಿಗೆ ಅಂಟಿಸಿದವರಿಗೆ ಅರ್ಧ ಅಂಕ ಖೋತಾ. ಪ್ರಶ್ನೆ ಕೇಳಿದ್ದ ಹುಡುಗ ಭೂಮಿಯ ಸೆಳೆತ, ನೆಲದ ಆಧಾರ, ಹಗ್ಗ, ಘರ್ಷಣೆ ನಾಲ್ಕನ್ನೂ ಹಾಕಿದ್ದ. ಜೊತೆಗೆ ಕಳಸದ ಹತ್ತಿರ ಒಂದು ಪುಟ್ಟ ಬಾಣ. ಏನೋ ಇದು ಎಂದರೆ, "ಮಂದಿ ಒಗದ ಉತ್ತತ್ತಿದು ರೀ ಸರ್" ಎಂದ.