ಒಡೆಸ್ಸಾ ಮೆಟ್ಟಿಲು: ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’ ಟಿಪ್ಪಣಿ

ಹಿನ್ನೆಲೆ ಬೇಗ ಮುಗಿಸೋಣ. 1905ರಲ್ಲಿ ರಷ್ಯಾದ ಪೊಟೆಮ್ಕಿನ್ ಯುದ್ಧನೌಕೆಯ ನಾವಿಕರು ಹುಳ ಬಿದ್ದ ಮಾಂಸದ ಊಟ ಬೇಡ ಅಂತ ತಿರುಗಿ ಬಿದ್ದರು. ಅದಕ್ಕೆ 20 ವರ್ಷ ತುಂಬಿದಾಗ, 1925ರಲ್ಲಿ, ಸೆರ್ಗೆಯ್ ಐಸೆನ್‌ಸ್ಟೈನ್ ಈ ಮೂಕಿ ಚಿತ್ರ ಮಾಡಿದರು. ವಯಸ್ಸು ಬರೀ 27. ಚಿತ್ರದಲ್ಲಿ ಐದು ಭಾಗಗಳಿವೆ. ನಮಗೆ ಮುಖ್ಯ ನಾಲ್ಕನೆಯದು, ಒಡೆಸ್ಸಾ ಮೆಟ್ಟಿಲಿನದು. ಕಪ್ಪು ಸಮುದ್ರದ ಬಂದರು ಊರು ಒಡೆಸ್ಸಾದಲ್ಲಿ ನಾವಿಕರ ಪರ ನಿಂತ ಜನರ ಮೇಲೆ ಸೈನಿಕರು ಗುಂಡು ಹಾರಿಸುವ ದೃಶ್ಯ ಇದು.

ಇಲ್ಲಿ ಸೈನಿಕರ ಮುಖವೇ ಸರಿಯಾಗಿ ಕಾಣುವುದಿಲ್ಲ. ಬೂಟು, ಬಂದೂಕು, ಉದ್ದನೆಯ ನೆರಳು, ಅಷ್ಟೇ. ಮುಖಗಳೆಲ್ಲ ಜನರದ್ದು. ಸೈನಿಕರು ಸಾಲು ಕೆಡದೆ ಇಳಿಯುತ್ತಾರೆ, ಜನ ದಿಕ್ಕಾಪಾಲಾಗಿ ಓಡುತ್ತಾರೆ. ಆಗ ಒಬ್ಬ ತಾಯಿ ಮಗನನ್ನು ಎತ್ತಿಕೊಂಡು ಮೇಲಕ್ಕೆ, ಬಂದೂಕುಗಳ ಕಡೆಗೇ ಹತ್ತುತ್ತಾಳೆ. ಹೀಗೆ ಶಾಟಿಗೆ ಶಾಟು ಡಿಕ್ಕಿ ಹೊಡೆದಾಗಲೇ ಹೊಸ ಅರ್ಥ ಹುಟ್ಟುತ್ತದೆ ಅನ್ನುವುದು ಐಸೆನ್‌ಸ್ಟೈನ್ ವಾದ. ಶಾಟುಗಳನ್ನು ಹೀಗೆ ಜೋಡಿಸಿ ಅರ್ಥ ಕಟ್ಟುವುದಕ್ಕೆ ಮಾಂಟಾಜ್ ಅಂತಾರೆ. ಅದರ ಬಗ್ಗೆ ಉದ್ದುದ್ದ ವ್ಯಾಖ್ಯೆ ಬಾಯಿಪಾಠ ಮಾಡುವ ಬದಲು ಈ ತಾಯಿಯನ್ನು ನೆನಪಿಟ್ಟುಕೊಳ್ಳಿ, ಸಾಕು.

ಇರುವುದು 192 ಮೆಟ್ಟಿಲು. ಜೀವ ಉಳಿಸಿಕೊಳ್ಳಲು ಓಡುವವರಿಗೆ ಅದು ಜಾಸ್ತಿ ಹೊತ್ತಿನ ದಾರಿಯಲ್ಲ, ಅಲ್ವಾ? ತೆರೆಯ ಮೇಲೆ ಮಾತ್ರ ಇಳಿದಷ್ಟೂ ಮುಗಿಯುವುದಿಲ್ಲ. ಅಲ್ಲೊಂದು ಮುಖ, ಇಲ್ಲೊಂದು ಕೈ, ಮತ್ತೆ ಬೂಟು ಅಂತ ತುಂಡು ತುಂಡು ಜೋಡಿಸಿ ಹೊತ್ತನ್ನೇ ಹಿಗ್ಗಿಸಿದ್ದಾರೆ. ಕೊನೆಯಲ್ಲಿ ಮಗುವಿನ ತಳ್ಳುಗಾಡಿ ಉರುಳುತ್ತಾ ಬಂದು ಮಗುಚುತ್ತದೆ. ಮಗು ಏನಾಯಿತು ಅಂತ ತೋರಿಸುವುದಿಲ್ಲ. ಒಬ್ಬ ಕೊಸಾಕ್, ಅಂದರೆ ಜಾರ್ ದೊರೆಯ ಸೇನೆಯ ಸವಾರ, ಕತ್ತಿ ಬೀಸುತ್ತಾನೆ. ಏಟು ಬಿದ್ದದ್ದೂ ಕಾಣುವುದಿಲ್ಲ. ಮುಂದಿನ ಶಾಟಿನಲ್ಲಿ ಒಬ್ಬ ಹೆಂಗಸಿನ ಒಡೆದ ಕನ್ನಡಕ, ಕಣ್ಣಿಂದ ರಕ್ತ. ನಡುವಿನ ಏಟನ್ನು ನಮ್ಮ ತಲೆಯೇ ತುಂಬಿಕೊಂಡಿರುತ್ತದೆ.

ಮುಂದೆ ಬಂದವರು ಹೆಚ್ಚಾಗಿ ತಳ್ಳುಗಾಡಿಯನ್ನೇ ಎತ್ತಿಕೊಂಡರು. 1987ರ ‘ದಿ ಅನ್‌ಟಚಬಲ್ಸ್’ನಲ್ಲಿ ಬ್ರಯಾನ್ ಡಿ ಪಾಲ್ಮಾ ಅದನ್ನು ಷಿಕಾಗೋ ರೈಲು ನಿಲ್ದಾಣದ ಮೆಟ್ಟಿಲ ಮೇಲೆ ಉರುಳಿಸಿದರು. ಅಲ್ಲಿ ಹೊತ್ತು ಹಿಗ್ಗುವುದು ಸ್ಲೋ ಮೋಷನ್‌ನಿಂದ, ಮಗುವೂ ಬದುಕುತ್ತದೆ. ನೋಡಲು ಮಜಾ ಇದೆ, ಆದರೆ ಆ ನೆಮ್ಮದಿಯಿಂದಲೇ ದೃಶ್ಯ ಸಪ್ಪೆಯಾಗುತ್ತದೆ ಅಂತ ನನ್ನ ಅನಿಸಿಕೆ. ಅದನ್ನೇ 1994ರ ಒಂದು ಹಾಲಿವುಡ್ ಹಾಸ್ಯಚಿತ್ರ ಅಣಕಿಸಿತು. ನನ್ನ ಮಟ್ಟಿಗೆ ಹೆಚ್ಚು ಆಳವಾಗಿ ತೆಗೆದುಕೊಂಡವರು ಚಿತ್ರಕಾರ ಫ್ರಾನ್ಸಿಸ್ ಬೇಕನ್. ಅವರಿಗೆ ಬೇಕಾಗಿದ್ದದ್ದು ಕನ್ನಡಕದ ಹೆಂಗಸಿನ ತೆರೆದ ಬಾಯಿ. 1957ರಲ್ಲಿ ಅವಳನ್ನೇ ಇಟ್ಟುಕೊಂಡು ಚಿತ್ರ ಬರೆದರು.

ಬ್ರಿಟನ್ನಿನಲ್ಲಿ 1954ರವರೆಗೆ ‘ಪೊಟೆಮ್ಕಿನ್’ ಸಾರ್ವಜನಿಕ ಪ್ರದರ್ಶನಕ್ಕೆ ನಿಷಿದ್ಧ. ಆದರೂ 1929ರಲ್ಲಿ ಲಂಡನ್ನಿನ ಫಿಲ್ಮ್ ಸೊಸೈಟಿ ತನ್ನ ಸದಸ್ಯರಿಗೆ ತೋರಿಸಿತು. ಜಾನ್ ಗ್ರಿಯರ್ಸನ್ನರ ಸಾಕ್ಷ್ಯಚಿತ್ರ ‘ಡ್ರಿಫ್ಟರ್ಸ್’ ಮೊದಲು ತೆರೆ ಕಂಡದ್ದೂ ಅದೇ ದಿನ, ಅದೇ ಪರದೆಯ ಮೇಲೆ.

ಒಂದು ಎಚ್ಚರಿಕೆ. 1905ರಲ್ಲಿ ಒಡೆಸ್ಸಾದಲ್ಲಿ ಸೇನೆಯ ಗುಂಡಿಗೆ ಜನ ಸತ್ತದ್ದು ನಿಜ. ಆದರೆ ಚಿತ್ರದಲ್ಲಿರುವಂಥ ಮೆಟ್ಟಿಲ ಹತ್ಯಾಕಾಂಡ ನಡೆದಿರಲಿಲ್ಲ. ಎಷ್ಟೋ ಜನ ಅದನ್ನು ಇತಿಹಾಸ ಅಂತಲೇ ನಂಬಿದ್ದಾರೆ. ಸಿನಿಮಾ ಪರೀಕ್ಷೆಯಲ್ಲಿ ಈ ದೃಶ್ಯದ ಬಗ್ಗೆ ಎಷ್ಟು ಬೇಕಾದರೂ ಬರೆಯಿರಿ, ಇತಿಹಾಸ ಪರೀಕ್ಷೆಯ ಉತ್ತರದಲ್ಲಿ ನಡೆದ ಘಟನೆ ಅಂತ ಬರೆಯಬೇಡಿ.